ಹಾಜರಿ ಪುಸ್ತಕ ಮತ್ತು ಇತಿಹಾಸದ ಪಾಠ: ಮುಂಬೈಯ ಕನ್ನಡಿಗ ಕಾಲೇಜುಗಳಿಗೆ ಒಂದು ಬಹಿರಂಗ ಪತ್ರ

ಮುಂಬೈ, ಠಾಣೆ, ನವಿಮುಂಬೈಗಳಲ್ಲಿ ಕನ್ನಡ, ತುಳು ಸಮಾಜದ ಸಂಸ್ಥೆಗಳು ನಡೆಸುವ ಪದವಿ ಕಾಲೇಜುಗಳ ಆಡಳಿತ ಮಂಡಳಿಯವರಿಗೆ, ಪ್ರಾಂಶುಪಾಲರಿಗೆ, ಈ ಜೂನಿನಲ್ಲಿ ಮಕ್ಕಳನ್ನು ಬಿ.ಎ.ಗೆ ಸೇರಿಸಲಿರುವ ತಂದೆತಾಯಿಗಳಿಗೆ,

ನಮಸ್ಕಾರ.

ಪ್ರವೇಶದ ದಿನ ಅರ್ಜಿಯ ಜೊತೆಗೆ ಒಂದು ಮುಚ್ಚಳಿಕೆಗೂ ಸಹಿ ಹಾಕಿಸಿಕೊಳ್ಳುವುದು ರೂಢಿ. ಶೇ. 75 ಹಾಜರಿ ಇರದಿದ್ದರೆ ಪರೀಕ್ಷೆಗೆ ಕೂರುವಂತಿಲ್ಲ ಎಂಬ ಒಂದೇ ಸಾಲು ಅದರಲ್ಲಿ. ಕೆಳಗೆ ವಿದ್ಯಾರ್ಥಿಯ ಸಹಿ, ಪಾಲಕರ ಸಹಿ. ಯಾವುದರ ಶೇ. 75? ಎಣಿಕೆ ಯಾವತ್ತಿನಿಂದ? ಮಳೆಗೆ ಲೋಕಲ್ ನಿಂತ ದಿನ ಏನು? ಕಾಯಿಲೆ ಬಿದ್ದರೆ ಕಾಗದ ಯಾರ ಕೈಗೆ ಕೊಡಬೇಕು? ಇತಿಹಾಸದ ವಿದ್ಯಾರ್ಥಿ ಹಳೆ ಕಡತ ನೋಡಲು ಹೋದರೆ ಅದು ಹಾಜರಿಯೋ ಗೈರೋ? ಇದ್ಯಾವುದೂ ಆ ಕಾಗದದಲ್ಲಿ ಇರುವುದಿಲ್ಲ. ಪರೀಕ್ಷೆಗೆ ಹತ್ತು ದಿನ ಉಳಿದಿರುವಾಗ ನೋಟಿಸ್ ಬೋರ್ಡಿಗೆ ಡಿಫಾಲ್ಟರ್ ಪಟ್ಟಿ ಬೀಳುತ್ತದೆ. ಆಮೇಲೆ ಆಫೀಸಿನ ಕಿಟಕಿಯ ಮುಂದೆ ಅಳು, ಜಗಳ, ಶಿಫಾರಸು.

ಇತಿಹಾಸ ಪಾಠ ಹೇಳುವ ನಾವು ಹಾಜರಿಯ ನಿಯಮವನ್ನು ಸಡಿಲ ಮಾಡಿ ಎಂದು ಕೇಳುತ್ತಿಲ್ಲ. ನಿಯಮ ಇರಲಿ. ಆದರೆ ಅದನ್ನು ಪೂರ್ತಿಯಾಗಿ, ಮೊದಲ ದಿನವೇ, ಒಂದು ಪುಟದಲ್ಲಿ ಬರೆದು ಕೊಡಿ. ಇತಿಹಾಸದ ಕೆಲಸ ತರಗತಿಯ ಹೊರಗೂ ನಡೆಯುತ್ತದೆ ಎಂಬುದನ್ನು ಹಾಜರಿ ಪುಸ್ತಕ ಒಪ್ಪಿಕೊಳ್ಳಲಿ.

ಮೊದಲು ನಿಯಮವನ್ನೇ ನೋಡೋಣ. ಮುಂಬೈ ವಿಶ್ವವಿದ್ಯಾಲಯದ ಆರ್ಡಿನನ್ಸ್ 6086 ಎರಡು ಷರತ್ತು ಹಾಕುತ್ತದೆ. ಎಲ್ಲ ವಿಷಯಗಳ ಸರಾಸರಿ ಹಾಜರಿ ಶೇ. 75 ಇರಬೇಕು, ಅದರ ಮೇಲೆ ಪ್ರತಿಯೊಂದು ವಿಷಯದಲ್ಲೂ ಕನಿಷ್ಠ ಶೇ. 50 ಇರಬೇಕು. ಬೋರ್ಡಿನ ಮೇಲೆ ಬರುವುದು ಮೊದಲನೆಯದು ಮಾತ್ರ. ಹಾಗಾಗಿ ಆರು ವಿಷಯಗಳ ಪೈಕಿ ಐದರಲ್ಲಿ ಶೇ. 85 ಇಟ್ಟುಕೊಂಡು ಇತಿಹಾಸದಲ್ಲಿ ಶೇ. 40ಕ್ಕೆ ನಿಂತ ಹುಡುಗಿ ತಾನು ಪಾರಾದೆ ಅಂದುಕೊಳ್ಳುತ್ತಾಳೆ. ಸರಾಸರಿ ಲೆಕ್ಕ ಹಾಕಿದರೆ ಶೇ. 77.5, ನಿಜವೇ. ಆದರೂ ಎರಡನೆಯ ಷರತ್ತು ಮುರಿದಿದೆ, ಟರ್ಮ್ ಸಿಗುವುದಿಲ್ಲ, ಅಂದರೆ ಪರೀಕ್ಷೆಗೆ ಕೂರುವಂತಿಲ್ಲ. ಇನ್ನೊಂದು ಕಡೆ, ಎಲ್ಲ ವಿಷಯದಲ್ಲೂ ಶೇ. 60 ಇರುವವನು ಎರಡನೆಯ ಷರತ್ತು ದಾಟಿ ಮೊದಲನೆಯದರಲ್ಲಿ ಬೀಳುತ್ತಾನೆ. ಈ ಎರಡು ಸಾಲು ಜೂನಿನಲ್ಲೇ ತಿಳಿದಿದ್ದರೆ ಅರ್ಧ ತಕರಾರು ಹುಟ್ಟುವುದೇ ಇಲ್ಲ.

ಇನ್ನು ಭಾಗಾಕಾರ. ಹಾಜರಿಯ ಜಗಳಗಳಲ್ಲಿ ಹೆಚ್ಚಿನವು ಮೇಲಿನ ಅಂಕಿಯದಲ್ಲ, ಕೆಳಗಿನ ಅಂಕಿಯದು. ನಾಲ್ಕು ಕ್ರೆಡಿಟ್‌ನ ಒಂದು ಪೇಪರ್ ಎಂದರೆ 60 ಗಂಟೆ ಪಾಠ. ಪೀರಿಯಡ್ 48 ನಿಮಿಷದ್ದಾದರೆ 60 ಗಂಟೆಗೆ 75 ಪೀರಿಯಡ್ ಬೇಕು. ಗಣಪತಿ, ದೀಪಾವಳಿ, ಒಳ ಪರೀಕ್ಷೆ, ಚುನಾವಣೆ ಡ್ಯೂಟಿ, ಮಳೆಯ ರಜೆ ಎಲ್ಲ ಕಳೆದು ನಿಜವಾಗಿ ನಡೆದದ್ದು 62 ಎಂದಿಟ್ಟುಕೊಳ್ಳಿ. 48 ಪೀರಿಯಡ್ ಕೂತ ವಿದ್ಯಾರ್ಥಿಗೆ 62ರ ಲೆಕ್ಕದಲ್ಲಿ ಶೇ. 77, ವೇಳಾಪಟ್ಟಿಯ 75ರ ಲೆಕ್ಕದಲ್ಲಿ ಶೇ. 64. ಹುಡುಗ ಅವನೇ, ಕೂತ ಬೆಂಚೂ ಅದೇ. ಕಂಪ್ಯೂಟರಿಗೆ ಟೈಮ್‌ಟೇಬಲ್ ತುಂಬಿಸಿ ಬಿಟ್ಟ ಕಡೆ ಎರಡನೆಯ ಲೆಕ್ಕವೇ ಹೊರಗೆ ಬರುತ್ತದೆ. ಅದನ್ನು ತಿದ್ದಬೇಕಾದ ಅಧ್ಯಾಪಕರು ತಿಂಗಳ ಕೊನೆಗೆ ನಡೆಯದ ಪೀರಿಯಡ್‌ಗಳನ್ನು ಕಿತ್ತು ಹಾಕಿರುವುದಿಲ್ಲ. ನಡೆದ ಪಾಠ ಮಾತ್ರ ಎಣಿಕೆಗೆ ಬರಬೇಕು. ಪ್ರತಿ ತಿಂಗಳ ಮೊದಲ ವಾರ 'ಇಲ್ಲಿಯವರೆಗೆ ನಡೆದದ್ದು ಇಷ್ಟು' ಎಂಬ ಅಂಕಿಯನ್ನು ವಿಷಯವಾರು ಬೋರ್ಡಿಗೆ ಹಾಕಬೇಕು.

ತಡವಾಗಿ ಸೇರಿದವರದ್ದು ಇನ್ನೊಂದು ಗೋಳು. ಮೂರನೇ ಮೆರಿಟ್ ಲಿಸ್ಟ್ ಆಗಿ, ಖಾಲಿ ಸೀಟು ತುಂಬಿ, ಕೊನೆಯ ಹುಡುಗ ಒಳಗೆ ಬರುವಷ್ಟರಲ್ಲಿ 14 ಲೆಕ್ಚರ್ ಮುಗಿದಿರುತ್ತದೆ. ಅವನು ಬಂದ ಮೇಲೆ ನಡೆದ 48ರಲ್ಲಿ 38ಕ್ಕೆ ಕೂತರೆ ಶೇ. 79. ಅವನಿರದ 14ನ್ನೂ ಸೇರಿಸಿದರೆ ಶೇ. 61. ಫೀಸು ಕಟ್ಟಿದ ತಾರೀಕಿನಿಂದ ಹಾಜರಿ ಎಣಿಸುವುದೇ ನ್ಯಾಯ. ರೋಲ್ ನಂಬರಿನ ಪಕ್ಕದಲ್ಲಿ ಪ್ರವೇಶದ ತಾರೀಕಿನ ಒಂದು ಕಾಲಂ ಗೀಚಿದರೆ ಸಾಕು.

ಮಳೆಯ ವಿಷಯ. ಸಾಯನ್–ಕುರ್ಲಾ ನಡುವೆ ಹಳಿಯ ಮೇಲೆ ನೀರು ನಿಂತರೆ ಸೆಂಟ್ರಲ್ ಲೈನಿನ ಮಕ್ಕಳು ಡೊಂಬಿವಲಿ, ಕಳವಾಗಳಲ್ಲೇ ಸಿಕ್ಕಿಬೀಳುತ್ತಾರೆ. ಕಾಲೇಜಿನ ಹತ್ತಿರ ಮನೆ ಇರುವ ಅಧ್ಯಾಪಕರು ಬಂದಿರುತ್ತಾರೆ, ಎದುರಿಗೆ ಒಂಬತ್ತು ಮಕ್ಕಳಿರುತ್ತಾರೆ. ಪಾಠ ಮಾಡಲಿ, ಬೇಡವೆನ್ನುವವರು ಯಾರೂ ಇಲ್ಲ. ಆದರೆ ಆ ದಿನ ಮಸ್ಟರ್ (ಹಾಜರಿ ಪುಸ್ತಕ) ತೆರೆಯಬಾರದು. ಪ್ರಾಂಶುಪಾಲರು ಬೆಳಗ್ಗೆ ಎಂಟರೊಳಗೆ ಒಂದು ಸಂದೇಶ ಕಳಿಸಿದರೆ ಎಲ್ಲ ವಿಭಾಗಕ್ಕೂ ಒಂದೇ ನಿಯಮ ಆಗುತ್ತದೆ. ಇಲ್ಲವಾದರೆ ಇತಿಹಾಸದವರು ಬಿಟ್ಟರು, ಅರ್ಥಶಾಸ್ತ್ರದವರು ಹಾಕಿದರು ಎಂದಾಗುತ್ತದೆ.

ಇಷ್ಟು ಲೆಕ್ಕದ ಮಾತು. ಇತಿಹಾಸದ ತರಗತಿಗೆ ಮಕ್ಕಳು ಬರಲೇಬೇಕು ಎಂದು ನಾವು ಪಟ್ಟು ಹಿಡಿಯುವುದು ಏಕೆ ಎನ್ನುವುದನ್ನೂ ಹೇಳಬೇಕು. ಗೈಡು ಓದಿದರೆ ಪಾಸಾಗಬಹುದು, ಬರುವುದು ಯಾಕೆ ಎಂದು ಕೇಳುವ ಪಾಲಕರಿದ್ದಾರೆ. ಮುಂಬೈ ಬಳಿಯ ಅಂಬರನಾಥದ ಶಿವಾಲಯದ ಶಾಸನವನ್ನೇ ತೆಗೆದುಕೊಳ್ಳಿ. ಅದರ ಕಾಲ ಶಕ 982. ತರಗತಿಯಲ್ಲಿ ಆ ಅಂಕಿಯನ್ನು ಹಲಗೆಯ ಮೇಲೆ ಬರೆದು, 78 ಕೂಡಿಸಿ, ಕ್ರಿ.ಶ. 1060 ಎಂದು ಮಕ್ಕಳ ಕೈಯಲ್ಲೇ ಲೆಕ್ಕ ಮಾಡಿಸಬೇಕು. ಶಕ ವರ್ಷ ಶುರುವಾಗುವುದು ಯುಗಾದಿಗೆ. ಆದ್ದರಿಂದ ಪುಷ್ಯ, ಮಾಘದ ತಿಥಿಯಾದರೆ ಜನವರಿ ದಾಟಿ 79 ಕೂಡಿಸಬೇಕಾಗಬಹುದು. ಇದೇ ಶಾಸನದ ಮೊದಲ ಅಂಕಿಯನ್ನು ಒಂದು ಕಾಲದಲ್ಲಿ 7 ಎಂದು ಓದಿ, ದೇವಾಲಯವನ್ನು ಇನ್ನೂರು ವರ್ಷ ಹಿಂದಕ್ಕೆ ತಳ್ಳಿದ್ದರು. ಕಲ್ಲಿನ ಮೇಲಿನ ಒಂದು ಗೀರು ಸವೆದರೆ ಎರಡು ಶತಮಾನ ಆಚೀಚೆ ಆಗುತ್ತದೆ ಎಂಬುದನ್ನು ಕಣ್ಣಾರೆ ನೋಡಿದ ವಿದ್ಯಾರ್ಥಿ ಮತ್ತೆಂದೂ ಇಸವಿಯನ್ನು ಬಾಯಿಪಾಠ ಮಾಡುವುದಿಲ್ಲ. ಆ ಪೀರಿಯಡ್ ತಪ್ಪಿಸಿಕೊಂಡವರು ಪರೀಕ್ಷೆಯಲ್ಲಿ ಧಾರಾಳವಾಗಿ 'ಕ್ರಿ.ಶ. 982' ಎಂದು ಬರೆದು ಬರುತ್ತಾರೆ.

ಮರಾಠಾ ಇತಿಹಾಸದ ಪೇಪರಿನಲ್ಲಿ ಇದು ಇನ್ನೂ ಬಿಗಿ. ಪುಣೆಯ ಪೇಶ್ವೆ ದಫ್ತರದ (ಪೇಶ್ವೆಗಳ ಕಾಲದ ಕಡತ ಸಂಗ್ರಹದ) ಮೋಡಿ ಲಿಪಿಯ ಕಾಗದಗಳಲ್ಲಿ ವರ್ಷವನ್ನು ಅಂಕಿಯಲ್ಲಿ ಬರೆಯದೆ ಅರಬ್ಬಿ ಮಾತಿನಲ್ಲಿ, ಬಿಡಿಸ್ಥಾನ ಮೊದಲು ಬರುವಂತೆ ಬರೆಯುತ್ತಿದ್ದರು. ಉದಾಹರಣೆಗೆ, ಇಹಿದೆ ಎಂದರೆ 1, ಸಿತ್ತೈನ್ 60, ಮಯಾ 100, ಅಲಫ್ 1000. ಕೂಡಿದರೆ, ಆ ಕಾಗದಗಳಲ್ಲಿ ಬಳಸುವ ಶುಹೂರ್ ಸನ್ ಎಂಬ ವರ್ಷಗಣನೆಯ 1161. ಶುಹೂರ್ ವರ್ಷ ಜೂನಿನ ಮೃಗಶಿರಾ ಮಳೆಯ ಹೊತ್ತಿಗೆ ಶುರುವಾಗುತ್ತದೆ. ಹಾಗಾಗಿ ಡಿಸೆಂಬರ್ ತನಕದ ಕಾಗದಕ್ಕೆ 599, ಜನವರಿ ನಂತರದ್ದಕ್ಕೆ 600 ಕೂಡಿಸಬೇಕು. ಪಾಣಿಪತ್ ಯುದ್ಧ 1761ರ ಜನವರಿ 14ರಂದು ನಡೆಯಿತು. ಅದಕ್ಕೆ ಮುಂಚಿನ ದಸರಾ ಹೊತ್ತಿನ ಕಾಗದವೂ, ಯುದ್ಧ ಮುಗಿದ ಮೇಲಿನ ಕಾಗದವೂ ಒಂದೇ 1161ರವು. ಒಂದಕ್ಕೆ 599 ಸೇರಿಸಿದರೆ 1760, ಇನ್ನೊಂದಕ್ಕೆ 600 ಸೇರಿಸಿದರೆ 1761. ಇದನ್ನು ಕಲಿಯಲು ಒಬ್ಬರ ಪಕ್ಕ ಒಬ್ಬರು ಕೂತು, ತಪ್ಪು ಮಾಡಿ, ತಿದ್ದಿಸಿಕೊಳ್ಳಬೇಕು. ಬೆಳಗಾವಿ, ಧಾರವಾಡ ಕಡೆಯ ಹಳೆಯ ಜಮೀನು ಕಾಗದಗಳಲ್ಲೂ ಮೋಡಿ ಇರುವುದರಿಂದ ನಮ್ಮ ಮಕ್ಕಳಿಗೆ ಇದು ಪರರ ವಿದ್ಯೆಯಲ್ಲ.

ಹೀಗೆ ಮೂಲ ಆಕರ ಓದಿಸುವ ತರಗತಿ ಒಂದು ಸೆಮಿಸ್ಟರಿನಲ್ಲಿ 15 ಇದ್ದರೆ ಒಳ್ಳೆಯದು, ವಾರಕ್ಕೊಂದು. ಅವುಗಳ ತಾರೀಕು ಮೊದಲೇ ತಿಳಿಸಿ. ಅವನ್ನು ಬೆಳಗಿನ ಮೊದಲ ಪೀರಿಯಡ್‌ಗೆ ಹಾಕಬೇಡಿ. ಮೂರನೆಯದೋ ನಾಲ್ಕನೆಯದೋ ಇರಲಿ. ಏಳೂ ಇಪ್ಪತ್ತರ ಪೀರಿಯಡ್‌ಗೆ ಅರ್ಧ ತರಗತಿ ಬರುವುದು ಏಳೂವರೆ ದಾಟಿದ ಮೇಲೆ.

ಹಾಜರಿ ಕೂಗುವ ಬಗ್ಗೆ ಒಂದು ಸಲಹೆ. 80 ಹೆಸರು ಕೂಗಲು, ಒಂದಕ್ಕೆ ನಾಲ್ಕು ಸೆಕೆಂಡ್ ಹಿಡಿದರೂ, ಐದು ನಿಮಿಷ ಹೋಗುತ್ತದೆ. 75 ಪೀರಿಯಡ್‌ಗೆ 375 ನಿಮಿಷ. ಹತ್ತಿರ ಹತ್ತಿರ ಎಂಟು ಪೀರಿಯಡ್ ಹಾಜರಿಗೇ ಮುಡಿಪು. ಅದನ್ನು ಉಳಿಸಲು ಸಹಿ ಹಾಳೆ ಹರಿಯಬಿಟ್ಟರೆ ಕೊನೆಯ ಬೆಂಚಿನಲ್ಲಿ ಒಂದೇ ನೀಲಿ ಪೆನ್ನಿನಲ್ಲಿ ಐದು ಸಹಿ ಬೀಳುತ್ತದೆ. ಕ್ಯೂಆರ್ ಕೋಡ್ ತಂದರೆ ಅದರ ಫೋಟೊ ಕ್ಯಾಂಟೀನಿಗೆ ಹೋಗುತ್ತದೆ. ಆಕರ ತರಗತಿಗಳಲ್ಲಿ ಚೀಟಿ ಪದ್ಧತಿ ನಡೆಸಿ ನೋಡಿ. ಎ4 ಹಾಳೆಯನ್ನು ನಾಲ್ಕು ತುಂಡು ಮಾಡಿದರೆ 80 ಮಕ್ಕಳಿಗೆ 20 ಹಾಳೆ ಸಾಕು. 15 ತರಗತಿಗೆ 300 ಹಾಳೆ, ಒಂದು ರೀಮ್ ಕೂಡ ಮುಗಿಯುವುದಿಲ್ಲ. ಕೊನೆಯ ಆರು ನಿಮಿಷ ಒಂದು ಪ್ರಶ್ನೆ: 'ಈ ಶಾಸನವನ್ನು ಬರೆಸಿದವರು ಯಾರನ್ನು ತಮ್ಮ ಒಡೆಯ ಎಂದು ಹೇಳಿಕೊಳ್ಳುತ್ತಾರೆ? ಯಾವ ಪದದಿಂದ ಗೊತ್ತಾಯಿತು?' ಹೆಸರು, ರೋಲ್ ನಂಬರ್, ತಾರೀಕು, ಎರಡು ಸಾಲು ಉತ್ತರ. ಪಾಠಕ್ಕೆ ಕೂರದವನ ಪರವಾಗಿ ಬೇರೆಯವರು ಅದನ್ನು ಬರೆಯಬೇಕಾದರೆ ತಮ್ಮ ಉತ್ತರ ಬಿಟ್ಟು ಬರೆಯಬೇಕು. ಆರು ನಿಮಿಷದಲ್ಲಿ ಎರಡು ಆಗುವುದು ಕಷ್ಟ. ಚೀಟಿಗಳನ್ನು ರೋಲ್ ನಂಬರಿನ ಪ್ರಕಾರ ಜೋಡಿಸಿ ದಾರ ಕಟ್ಟಿಟ್ಟರೆ ಮುಂದೆ ತಕರಾರು ಬಂದಾಗ ಅದೇ ಸಾಕ್ಷಿ.

ಈಗ ನಮ್ಮ ಮುಖ್ಯ ಬೇಡಿಕೆ. ಮಹಾರಾಷ್ಟ್ರ ರಾಜ್ಯ ಪುರಾಭಿಲೇಖಾಗಾರ ಕಾಲಾಘೋಡಾದಲ್ಲಿ, ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲೇ ಇದೆ. ಮುಂಬೈ ಪ್ರಾಂತ್ಯದ ಕಡತಗಳು ಅಲ್ಲಿವೆ. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರ ತನಕ ಈ ನಗರದಿಂದಲೇ ಆಳಿಸಿಕೊಂಡವು. ಕರ್ನಾಟಕ ವಿಶ್ವವಿದ್ಯಾಲಯವೂ 1949ರಲ್ಲಿ ಇಲ್ಲೇ ಶುರುವಾಗಿ ಆಮೇಲೆ ಧಾರವಾಡಕ್ಕೆ ಹೋದದ್ದು. ಕನ್ನಡ ಓದಬಲ್ಲ ಇತಿಹಾಸ ವಿದ್ಯಾರ್ಥಿಗೆ ಮನೆಯಿಂದ ಒಂದು ಲೋಕಲ್ ದೂರದಲ್ಲಿ ಇಷ್ಟು ದೊಡ್ಡ ಭಂಡಾರ ಇರುವುದು ಬೇರೆ ಊರಿನಲ್ಲಿ ಅಪರೂಪ. ಆದರೆ ಅದು ತೆರೆದಿರುವುದು ಸರಕಾರಿ ಕೆಲಸದ ದಿನಗಳಲ್ಲಿ, ಕಚೇರಿಯ ವೇಳೆಯಲ್ಲಿ. ವಿದ್ಯಾರ್ಥಿ ಅಲ್ಲಿಗೆ ಹೋದರೆ ಇಲ್ಲಿ ನಾಲ್ಕು ಪೀರಿಯಡ್ ಗೈರು. ಪ್ರಾಜೆಕ್ಟ್ ಮಾಡು ಎಂದು ಹೇಳಿದ ಕಾಲೇಜೇ ಅದನ್ನು ಮಾಡಿದ್ದಕ್ಕೆ ಹಾಜರಿ ಕತ್ತರಿಸುತ್ತದೆ. ಹೀಗಿರುವಾಗ ಮಕ್ಕಳು ಇಂಟರ್ನೆಟ್‌ನಿಂದ ಹನ್ನೆರಡು ಪುಟ ಎತ್ತಿ ತಂದು ಬೈಂಡ್ ಮಾಡಿಸಿ ಕೊಟ್ಟರೆ ಅವರನ್ನು ಬೈಯುವ ಅಧಿಕಾರ ನಮಗೆ ಎಷ್ಟಿದೆ?

ಇದಕ್ಕೆ ಹೊಸ ನಿಯಮ ಬೇಕಿಲ್ಲ. ಕಾಲೇಜು ಏರ್ಪಡಿಸಿ, ಅಧ್ಯಾಪಕರು ಜೊತೆಗಿದ್ದು ನಡೆಸುವ ಕ್ಷೇತ್ರ ಭೇಟಿ, ಅಧ್ಯಯನ ಪ್ರವಾಸಗಳು ಪಠ್ಯಕ್ರಮದ ಭಾಗವಾಗಿದ್ದರೆ, ಆ ದಿನ ನಡೆದ ಎಲ್ಲ ಪೀರಿಯಡ್‌ಗಳ ಹಾಜರಿ ಕೊಡಬೇಕೆಂದು ಅದೇ 6086 ಹೇಳುತ್ತದೆ. ತಪ್ಪುವುದು ಕಾಗದದ ದಾರಿಯಲ್ಲಿ. ಅಧ್ಯಾಪಕರು ಪಟ್ಟಿಯನ್ನು ತಮ್ಮ ಫೈಲಿನಲ್ಲಿ ಇಟ್ಟುಕೊಳ್ಳುತ್ತಾರೆ, ಆಫೀಸಿಗೆ ಹೋಗುವುದಿಲ್ಲ. ಉಳಿದ ವಿಷಯದವರು ಎಂದಿನಂತೆ ಗೈರು ಹಾಕುತ್ತಾರೆ. ಎರಡು ತಿಂಗಳ ಮೇಲೆ ಹುಡುಗ ಕೇಳಿದರೆ ಪಟ್ಟಿ ಎಲ್ಲಿದೆ ಎಂದು ಯಾರಿಗೂ ನೆನಪಿಲ್ಲ. ಭೇಟಿಗೆ ಒಂದು ವಾರ ಮುಂಚೆ ರೋಲ್ ನಂಬರ್ ಸಮೇತ ಪಟ್ಟಿಗೆ ಪ್ರಾಂಶುಪಾಲರ ಅನುಮತಿ ಪಡೆದು, ಒಂದೊಂದು ಪ್ರತಿಯನ್ನು ಎಲ್ಲ ವಿಭಾಗಕ್ಕೂ ಕಳಿಸಬೇಕು. ಭೇಟಿಯ ಸ್ಥಳದಲ್ಲಿ ಬಂದವರ ಸಹಿ ಬೇರೆಯಾಗಿ ಪಡೆಯಬೇಕು. ಏಕೆಂದರೆ ಹೆಸರು ಕೊಟ್ಟು ಬರದವರು ಇದ್ದೇ ಇರುತ್ತಾರೆ. ಮರುದಿನ ಮಧ್ಯಾಹ್ನದೊಳಗೆ ಆ ಸಹಿ ಹಾಳೆ ಆಫೀಸಿಗೆ ಹೋಗಿ, ಸ್ವೀಕೃತಿಯ ಮುದ್ರೆ ಬೀಳಬೇಕು.

ಪುರಾಭಿಲೇಖಾಗಾರಕ್ಕೆ 80 ಮಕ್ಕಳನ್ನು ಒಟ್ಟಿಗೆ ಕರೆದೊಯ್ಯಲಾಗದು. ಐದು ಐದರ ಗುಂಪು ಮಾಡಿ, ಒಬ್ಬ ಅಧ್ಯಾಪಕರ ಜೊತೆ, ಒಂದು ಗುಂಪಿಗೆ ಸೆಮಿಸ್ಟರಿಗೆ ಎರಡು ದಿನ ಎಂದು ಹಂಚಿ. ಕಾಲೇಜಿನ ಪತ್ರ, ಗುರುತಿನ ಚೀಟಿ, ಪೆನ್ಸಿಲ್ ಬೇಕು. ಅದಕ್ಕಿಂತ ಮುಂಚೆ ಅಧ್ಯಾಪಕರು ವಿಷಯವನ್ನು ತೂಗಿ ನೋಡಿರಬೇಕು. ನಮ್ಮ ಮಕ್ಕಳಲ್ಲಿ ಹೆಚ್ಚಿನವರಿಗೆ 'ನಮ್ಮ ಊರಿನ ಇತಿಹಾಸ' ಬೇಕು. ಊರು ಎಂದರೆ ಉಡುಪಿ, ಕುಂದಾಪುರ, ಕಾರ್ಕಳ, ಮೂಡಬಿದ್ರೆ. ಉತ್ತರ ಕನ್ನಡ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಬಂದದ್ದು 1862ರಲ್ಲಿ. ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು, ಕುಂದಾಪುರವೂ ಅದರ ಜೊತೆಗೇ. ಹಾಗಾಗಿ ಕಾರವಾರ, ಕುಮಟೆ, ಹೊನ್ನಾವರದ 1862ರ ನಂತರದ ಕಡತವನ್ನು ಕಾಲಾಘೋಡಾದಲ್ಲಿ ಹುಡುಕಬಹುದು. ಕುಂದಾಪುರದ ಆಡಳಿತದ ಕಡತ ಹುಡುಕುತ್ತಾ ಕೂತರೆ ಎರಡು ದಿನವೂ ಖಾಲಿ ಕೈ. ಅಂಥ ವಿದ್ಯಾರ್ಥಿಗೆ ವಿಷಯವನ್ನು ಸ್ವಲ್ಪ ತಿರುಗಿಸಿ ಕೊಡಿ: ಕರಾವಳಿಯಿಂದ ಮುಂಬೈ ಬಂದರಿಗೆ ಬಂದವರು, ಇಲ್ಲಿನ ಹೋಟೆಲುಗಳು, ಇಲ್ಲಿನ ಕನ್ನಡ ರಾತ್ರಿ ಶಾಲೆಗಳು. ಆಕರ ಇರುವಲ್ಲಿ ಪ್ರಶ್ನೆ ಹುಟ್ಟಬೇಕು.

ಕನ್ಹೇರಿಗೆ ಕರೆದೊಯ್ಯುವುದು ಸುಲಭ. ಬೊರಿವಲಿ ಸ್ಟೇಷನ್ನಿನಿಂದ ಅರಣ್ಯದ ಗೇಟು ಹತ್ತಿರ, ನೂರಕ್ಕೂ ಹೆಚ್ಚು ಗುಹೆಗಳು. ರಾಷ್ಟ್ರಕೂಟ ಅಮೋಘವರ್ಷನನ್ನು ಒಡೆಯನೆಂದು ಹೇಳುವ 9ನೇ ಶತಮಾನದ ಶಿಲಾಹಾರರ ಕಾಲದ ಶಾಸನಗಳು ಅಲ್ಲಿವೆ. ಕನ್ನಡದ ಮಕ್ಕಳು ಶಾಲೆಯಲ್ಲಿ ನೃಪತುಂಗ ಎಂದು ಕಲಿತ ಹೆಸರು ಮುಂಬೈ ನಗರದ ಒಳಗಿನ ಬಂಡೆಯ ಮೇಲೆ ಇರುವುದನ್ನು ನೋಡಿದಾಗ ಅವರ ಮುಖ ಹೇಗಾಗುತ್ತದೆ ಎಂಬುದನ್ನು ಜೊತೆಗೆ ಹೋದ ಅಧ್ಯಾಪಕರೇ ಬಲ್ಲರು. ಸೋಮವಾರ ಮುಚ್ಚಿರುತ್ತದೆ, ಘಾರಾಪುರಿಯೂ (ಎಲಿಫೆಂಟಾ ಗುಹೆಗಳ ದ್ವೀಪ) ಅಷ್ಟೆ. ವೇಳಾಪಟ್ಟಿ ಮಾಡುವಾಗ ಇದನ್ನು ಮರೆತು ಬಸ್ ಗೊತ್ತು ಮಾಡುವುದು ಬೇಡ. ಮಳೆಗಾಲದಲ್ಲಿ ಘಾರಾಪುರಿಯ ದೋಣಿ ನಂಬುವಂತಿಲ್ಲ. ಅದನ್ನು ಎರಡನೆಯ ಸೆಮಿಸ್ಟರಿಗೆ ಇಟ್ಟುಕೊಳ್ಳಿ.

ಪ್ರಾಜೆಕ್ಟಿಗೆ ಏನೇನು ಬೇಕು ಎಂಬುದೂ ಅದೇ ಒಂದು ಪುಟದಲ್ಲಿ ಇರಲಿ. ಪುಟಗಳ ಸಂಖ್ಯೆ ಕೇಳಬೇಡಿ. ಕನಿಷ್ಠ ಮೂರು ಮೂಲ ಆಕರ ಕೇಳಿ. ಪ್ರತಿಯೊಂದನ್ನೂ ಎಲ್ಲಿ, ಯಾವತ್ತು ನೋಡಿದ್ದು, ಇಲಾಖೆ ಯಾವುದು, ಸಂಪುಟ, ಪುಟ ಯಾವುದು ಎಂದು ಬರೆದ ಕೈಬರಹದ ಟಿಪ್ಪಣಿ ಪುಸ್ತಕ ಕೇಳಿ. ಟೈಪ್ ಮಾಡಿದ ಪ್ರಬಂಧಕ್ಕಿಂತ ಮೊದಲು ಆ ಪುಸ್ತಕ ನೋಡಿದರೆ, ಯಾರು ಓದಿದ್ದಾರೆ, ಯಾರು ಕಂಪ್ಯೂಟರಿನಿಂದ ಬರೆಸಿದ್ದಾರೆ ಎಂದು ಐದು ನಿಮಿಷದಲ್ಲಿ ತಿಳಿಯುತ್ತದೆ. ಉತ್ತರ ಬರೆಯುವ ಭಾಷೆ ಯಾವುದೇ ಇರಲಿ, ಕನ್ನಡದ ಆಕರವನ್ನು ಆಕರವೆಂದು ಒಪ್ಪಿಕೊಳ್ಳಿ. ನಮ್ಮ ಸಂಸ್ಥೆಗಳ ಹಳೆಯ ಠರಾವು ಪುಸ್ತಕ, ಸ್ಮರಣ ಸಂಚಿಕೆಗಳು ಎಷ್ಟೋ ಕಪಾಟುಗಳಲ್ಲಿ ಬೀಗ ಹಾಕಿ ಕೂತಿವೆ. ಆಡಳಿತ ಮಂಡಳಿಯವರು ವಾರಕ್ಕೊಂದು ಮಧ್ಯಾಹ್ನ ಆ ಬೀಗ ತೆಗೆದರೆ ನಮ್ಮ ಮಕ್ಕಳಿಗೆ ಅದಕ್ಕಿಂತ ಹತ್ತಿರದ ಆಕರ ಇನ್ನೊಂದಿಲ್ಲ.

ದುಡಿಯುತ್ತಾ ಓದುವ ಮಕ್ಕಳ ಬಗ್ಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರ ಸಮಾಜ ನಮ್ಮದು. ನಿಮ್ಮ ಮಂಡಳಿಗಳ ಹಿರಿಯರಲ್ಲೇ ಅಂಥವರಿದ್ದಾರೆ. ಇಂದಿನ ಹುಡುಗ ರಾತ್ರಿ ಕೊನೆಯ ಲೋಕಲ್ ಹಿಡಿದು ಮನೆ ಸೇರಿ ಬೆಳಗಿನ ಕಾಲೇಜಿಗೆ ಬರುತ್ತೇನೆ ಎಂದರೆ, ನಾಲ್ಕು ವಾರ ಬರುತ್ತಾನೆ, ಆಮೇಲೆ ಸೋಲುತ್ತಾನೆ. ಪ್ರವೇಶದ ದಿನವೇ ಕೆಲಸದ ವೇಳೆ ಕೇಳಿ. ಹೊಂದದಿದ್ದರೆ ಫೀಸು ಕಟ್ಟಿಸಿಕೊಳ್ಳುವ ಮೊದಲೇ ಹೇಳಿ. 1971ರಿಂದ ನಡೆಯುತ್ತಿರುವ ಮುಂಬೈ ವಿಶ್ವವಿದ್ಯಾಲಯದ ದೂರಶಿಕ್ಷಣದಲ್ಲಿ ಇತಿಹಾಸದ ಬಿ.ಎ. ಮಾಡಬಹುದು. ಅಲ್ಲಿ ಓದಿದವರು ಯಾವ ರೀತಿಯಲ್ಲೂ ಕಡಿಮೆಯಲ್ಲ. ಹೋಟೆಲ್ ಮಾಲಕರಲ್ಲೂ ಒಂದು ವಿನಂತಿ: ನಿಮ್ಮಲ್ಲಿ ಕೆಲಸ ಮಾಡುವ ವಿದ್ಯಾರ್ಥಿಗೆ ಆಕರ ತರಗತಿಯ ಹಿಂದಿನ ರಾತ್ರಿ ಮಾತ್ರ ಒಂದು ಗಂಟೆ ಮುಂಚೆ ಬಿಡಿ. ತಾರೀಕಿನ ಪಟ್ಟಿಯನ್ನು ಅವನೇ ತಂದು ಕೊಡುತ್ತಾನೆ.

ಕಾಯಿಲೆಯ ರಿಯಾಯಿತಿಗೆ ಬಂದರೆ, ಸರ್ಟಿಫಿಕೇಟು ಕಾಲೇಜಿಗೆ ಮರಳಿದ ಏಳು ದಿನದೊಳಗೆ ಬರಬೇಕು ಎಂದು ಬರೆಯಿರಿ, ಪಡೆದದ್ದಕ್ಕೆ ರಶೀದಿ ಕೊಡಿ. ಪರೀಕ್ಷೆಯ ಹಿಂದಿನ ವಾರ ರಾಶಿ ಬೀಳುವ ಸರ್ಟಿಫಿಕೇಟುಗಳಲ್ಲಿ ನಿಜವಾಗಿ ಟೈಫಾಯ್ಡ್ ಆಗಿ ಮಲಗಿದವಳ ಕಾಗದವೂ ಅನುಮಾನಕ್ಕೆ ಸಿಗುತ್ತದೆ. ಎನ್ನೆಸ್ಸೆಸ್, ಕ್ರೀಡೆ, ಯುವ ಮಹೋತ್ಸವಗಳಿಗೆ ಕಾಲೇಜಿನ ಪರವಾಗಿ ಹೋದವರಿಗೆ ಹಾಜರಿ ಸಿಗುತ್ತದೆ, ಆದರೆ ಮುಂಚೆ ಅನುಮತಿ ಇರಬೇಕು.

ಪಾಲಕರೇ, ಊರಿನ ನೇಮ, ಕೋಲ, ಮದುವೆ, ಮನೆ ಒಕ್ಕಲಿಗೆ ರಿಯಾಯಿತಿ ಇಲ್ಲ. ಎರಡನೆಯ ಸೆಮಿಸ್ಟರ್ ನಡೆಯುವುದೇ ಆ ದಿನಗಳಲ್ಲಿ. ಒಂದು ವಿಷಯದಲ್ಲಿ ನಡೆದದ್ದು 60 ಲೆಕ್ಚರ್ ಎಂದಿಟ್ಟುಕೊಂಡರೆ ಬಿಡಬಹುದಾದದ್ದು 15. ವಾರಕ್ಕೆ ನಾಲ್ಕರಂತೆ ನಾಲ್ಕು ವಾರವೂ ಅಲ್ಲ. ಊರಿಗೆ ಎರಡು ವಾರ ಹೋಗಿಬಂದರೆ ಎಂಟು ಖರ್ಚು. ಕಾಲೇಜಿನವರೂ ಇಲ್ಲಿ ಒಂದು ಉಪಕಾರ ಮಾಡಬೇಕು. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಊರಿಗೆ ಹೋಗುವ ಮತ್ಸ್ಯಗಂಧ ರೈಲಿಗೆ ಸೀಟು ಸಿಗಬೇಕಾದರೆ ಅಂದೇ ಮಾಡಿಸಬೇಕು. ಪರೀಕ್ಷೆ, ಪ್ರಾಜೆಕ್ಟ್, ಕ್ಷೇತ್ರ ಭೇಟಿಯ ತಾರೀಕುಗಳು ಅದಕ್ಕಿಂತ ಮುಂಚೆ, 70 ದಿನ ಮೊದಲು ಹೊರಬಿದ್ದರೆ ಮನೆಯವರು ಟಿಕೇಟು ನೋಡಿ ಮಾಡಿಸುತ್ತಾರೆ. ತಾರೀಕು ಹದಿನೈದು ದಿನ ಮುಂಚೆ ಬಂದರೆ ಟಿಕೇಟು ಆಗಿಹೋಗಿರುತ್ತದೆ.

ಕೊನೆಯದು ಎಚ್ಚರಿಕೆಯ ಪಟ್ಟಿ. ಅದು ನಾಲ್ಕನೆಯ ವಾರದ ಕೊನೆಗೆ ಬರಬೇಕು. 16 ಲೆಕ್ಚರಿನಲ್ಲಿ ನಾಲ್ಕಕ್ಕೆ ಬಂದವನು 12 ಕಳೆದುಕೊಂಡಿದ್ದಾನೆ. ಇನ್ನು ಮೂರು ಬಾಕಿ. ಆಗ ಕರೆದು ಹೇಳಿದರೆ ಉಳಿಯುತ್ತಾನೆ. 30 ಮುಗಿದ ಮೇಲೆ ಹೇಳಿದರೆ, ಅಷ್ಟರಲ್ಲಿ ಒಂಬತ್ತಕ್ಕೆ ಬಂದವನು ಮುಂದಿನ ಮೂವತ್ತಕ್ಕೂ ತಪ್ಪದೆ ಬಂದರೂ 39 ಆಗುತ್ತದೆ, ಶೇ. 65. ಅವನಿಗೆ ಆ ಪಟ್ಟಿಯಿಂದ ಪ್ರಯೋಜನವಿಲ್ಲ. ಮೊದಲ ಪಟ್ಟಿಯನ್ನು ಬೋರ್ಡಿಗೆ ಹಾಕಿ ಸುಮ್ಮನಾಗಬೇಡಿ, ಮನೆಗೆ ಫೋನ್ ಮಾಡಿ. ಮನೆಯಲ್ಲಿ ಯಾರೋ ಆಸ್ಪತ್ರೆಯಲ್ಲಿದ್ದಾರೆ, ಅಂಗಡಿಯಲ್ಲಿ ಕೂರಲು ಜನ ಇಲ್ಲ ಎಂಬ ಸಂಗತಿಗಳು ಹಾಗೆಯೇ ಹೊರಬರುವುದು.

ಈ ಒಂದು ಪುಟವನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲೂ ಕರಡು ಮಾಡಿಕೊಡಲು ನಾವು ಸಿದ್ಧ. ಪ್ರಾಂಶುಪಾಲರು ಮೇ ಕೊನೆಯೊಳಗೆ ಒಂದು ಮಧ್ಯಾಹ್ನ ಕರೆದರೆ ಬರುತ್ತೇವೆ. ಆಫೀಸಿನ ಹಾಜರಿ ನೋಡಿಕೊಳ್ಳುವ ಗುಮಾಸ್ತರೂ ಆ ದಿನ ಜೊತೆಗೆ ಕೂತರೆ ಕೆಲಸ ಬೇಗ ಮುಗಿಯುತ್ತದೆ.

ಇಂತಿ,
ಮುಂಬೈಯಲ್ಲಿ ಇತಿಹಾಸ ಬೋಧಿಸುವ ಕನ್ನಡಿಗ ಅಧ್ಯಾಪಕರು